ಸ್ಕ್ಯಾನರ್ ಕೆಟ್ಟಿಲ್ಲ, ಮಲಗಿದೆ

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಸೀರೆ ಅಂಗಡಿ. ಬಿಲ್ಲಿಗೆ ಲಿನಕ್ಸ್ ಲ್ಯಾಪ್‌ಟಾಪ್ ಇದೆ. ಕರೆಂಟ್ ಹೋದಾಗ ಬ್ಯಾಟರಿ ಜಾಸ್ತಿ ಹೊತ್ತು ಬರಲಿ ಅಂತ ಮಗ ಏನೋ ಒಂದು ತಂತ್ರಾಂಶ ಹಾಕಿದ. ಅವತ್ತಿನಿಂದ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಬಾರ್‌ಕೋಡ್ ಸ್ಕ್ಯಾನರ್ ಅರ್ಧ ನಂಬರ್ ಕೊಡುತ್ತದೆ. ಎರಡನೇ ಸಲ ಸರಿ. ಹೊಸದು ತರಬೇಕಾ ಸರ್?

ಉತ್ತರ: ದಯವಿಟ್ಟು ತರಬೇಡಿ. ಹುಬ್ಬಳ್ಳಿಯ ಒಂದು ಔಷಧಿ ಅಂಗಡಿಗೆ ನಾನೇ ಹೊಸದು ಕೊಡಿಸಿದ್ದೆ. ಅದೂ ಹಾಗೇ ಮಾಡಿತು. ಆ ದುಡ್ಡಿನ ಬೇಸರ ನನಗೆ ಇನ್ನೂ ಹೋಗಿಲ್ಲ. ಅಲ್ಲಿ ಕೂತು ನೋಡಿದಾಗ ಗೊತ್ತಾಯಿತು: ಸೋಪಿನ ಪೊಟ್ಟಣದ ಮೇಲೆ 890ರಿಂದ ಶುರುವಾಗುವ 13 ಅಂಕಿ, ಪರದೆ ಮೇಲೆ ಮೊದಲಿನ 890 ಇಲ್ಲವೇ ಇಲ್ಲ. ಕೊನೆಯದೆಲ್ಲ ಸರಿ. ಅಂದರೆ ಸ್ಕ್ಯಾನರ್ ಓದಿದೆ, ಏಳುವಷ್ಟರಲ್ಲಿ ಮೊದಲ ಅಂಕಿಗಳು ಹೋಗಿವೆ.

ಕಂಪ್ಯೂಟರಿಗೆ ಸ್ಕ್ಯಾನರ್ ಒಂದು ಕೀಬೋರ್ಡ್ ಇದ್ದಂತೆ. ವಿದ್ಯುತ್ ಉಳಿಸಲು ಅದನ್ನು ಯಾವಾಗ ಮಲಗಿಸಬೇಕು ಅಂತ ನೋಡುವುದು ಕರ್ನಲ್, ಅಂದರೆ ಸಾಧನಗಳನ್ನೆಲ್ಲ ನಡೆಸುವ ಲಿನಕ್ಸ್‌ನ ಒಳತಿರುಳು. ಒಂದು ಸಾಧನವನ್ನು ಎಷ್ಟು ಕಡೆಯಿಂದ ಬಳಸುತ್ತಿದ್ದಾರೆ ಅಂತ ಅದು ಎಣಿಸುತ್ತಿರುತ್ತದೆ. ಕೋಣೆಯಿಂದ ಕೊನೆಗೆ ಬಂದವರು ಲೈಟ್ ಆರಿಸಿ ಬರುತ್ತಾರಲ್ವಾ, ಹಾಗೆ. ಎಣಿಕೆ ಸೊನ್ನೆಯಾಗಿ ಸ್ವಲ್ಪ ಹೊತ್ತು ಕಳೆದರೆ ಸಾಧನ ಮಲಗುತ್ತದೆ. ಯುಎಸ್‌ಬಿಗೆ ಆ ಹೊತ್ತು ಮಾಮೂಲಾಗಿ 2 ಸೆಕೆಂಡ್. ಗಿರಾಕಿ ಸೆರಗು ಬಿಡಿಸಿ ನೋಡುವಷ್ಟರಲ್ಲಿ ಎಷ್ಟು ಸಲ 2 ಸೆಕೆಂಡ್ ಆಗುತ್ತದೆ ಹೇಳಿ!

ಇದರಲ್ಲಿ ಲಿನಕ್ಸ್‌ನವರ ತಪ್ಪಿಲ್ಲ. ಎಷ್ಟೋ ಸಾಧನಗಳು ಸರಿಯಾಗಿ ಏಳುವುದಿಲ್ಲ ಅಂತ ಗೊತ್ತಿದ್ದೇ ಅವರು ಹಬ್ (ಒಂದು ಕಿಂಡಿಯನ್ನು ಹಲವು ಮಾಡುವ ಪೆಟ್ಟಿಗೆ) ಬಿಟ್ಟು ಬಹುತೇಕ ಯುಎಸ್‌ಬಿ ಸಾಧನಗಳನ್ನು ಎಚ್ಚರವಾಗಿಯೇ ಇಟ್ಟಿದ್ದಾರೆ. ಮಗ ಹಾಕಿದ ತಂತ್ರಾಂಶ ಎಲ್ಲವನ್ನೂ ಒಟ್ಟಿಗೆ ಬದಲಿಸಿರಬೇಕು. ಅವನನ್ನು ಬೈಯಬೇಡಿ. ಬ್ಯಾಟರಿ ಉಳಿಸುವ ಯೋಚನೆ ಒಳ್ಳೆಯದೇ.

ಸಿಸ್ಟಂ ಫೋಲ್ಡರಿನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ 'ಪವರ್' ಅಂತ ಒಂದು ಜಾಗ, ಅದರೊಳಗೆ 'ಕಂಟ್ರೋಲ್' ಅಂತ ಫೈಲ್ ಇರುತ್ತದೆ. ಸ್ಕ್ಯಾನರಿನ ಫೈಲಿನಲ್ಲಿ 'ಆಟೋ' (ಮಲಗಬಹುದು) ಇದ್ದರೆ 'ಆನ್' (ಎಚ್ಚರವಾಗಿಯೇ ಇರು) ಅಂತ ಬರೆಯಲು ಮಗನಿಗೆ ಹೇಳಿ. ಉಳಿದವು ಹಾಗೇ ಇರಲಿ. ಆದರೆ ರೀಸ್ಟಾರ್ಟ್ ಮಾಡಿದರೆ ಇದು ಅಳಿಸಿಹೋಗುತ್ತದೆ. ಕಾಯಂ ಆಗಿ ಉಳಿಯಲು ಸ್ಕ್ಯಾನರಿನ ಹೆಸರಿಗೆ ಒಂದು ಯುಡೆವ್ ನಿಯಮ (ಸಾಧನ ಜೋಡಿಸಿದಾಗಲೆಲ್ಲ ಲಿನಕ್ಸ್ ತಾನೇ ಪಾಲಿಸುವ ಸೂಚನೆ) ಬರೆಯಬೇಕು. ಆ ತಂತ್ರಾಂಶದಲ್ಲಿಯೂ ಸ್ಕ್ಯಾನರನ್ನು ಹೊರಗಿಡಬೇಕು, ಇಲ್ಲವಾದರೆ ಅದು ಮತ್ತೆ 'ಆಟೋ' ಮಾಡುತ್ತದೆ.

ಆಮೇಲೆ ರೀಸ್ಟಾರ್ಟ್ ಮಾಡಿ, ಒಂದು ಚಹಾ ಕುಡಿದು ಬನ್ನಿ. ಒಂದು ಸೀರೆ ಸ್ಕ್ಯಾನ್ ಮಾಡಿ, ಚೀಟಿಯ ಮೊದಲ ಅಂಕಿ ಪರದೆ ಮೇಲೆ ಬಂತಾ ನೋಡಿ.