ಮಡಚುವ ಲ್ಯಾಪ್‌ಟಾಪ್, ಮೂರು ಲಕ್ಷ ರೂಪಾಯಿ, ನಮ್ಮ ಮಳೆಗಾಲ

ಈ ಸಲ ಬಂದ ಪತ್ರಗಳಲ್ಲಿ ಐದು ಮಡಚುವ ಪರದೆಯ ಲ್ಯಾಪ್‌ಟಾಪ್ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಐದನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಉಡುಪಿಯವಳು, ಆಡಿಟ್ ಕೆಲಸ. ವಾರದಲ್ಲಿ ನಾಲ್ಕು ದಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತೇನೆ, ದಾರಿಯಲ್ಲೂ ಕೆಲಸ ಮಾಡುತ್ತೇನೆ. ಟ್ಯಾಲಿ, ಎಕ್ಸೆಲ್ ಬಿಟ್ಟರೆ ಬೇರೇನೂ ಇಲ್ಲ, ಆದರೆ ಶೀಟುಗಳು ಉದ್ದುದ್ದ. 14 ಇಂಚಿನ ಪರದೆ ನೋಡಿ ನೋಡಿ ಕಣ್ಣು ಸೋತಿದೆ. ಬಿಚ್ಚಿದರೆ 17 ಇಂಚು, ಮಡಚಿದರೆ ಪುಸ್ತಕದ ಹಾಗೆ ಆಗುವ ಲ್ಯಾಪ್‌ಟಾಪ್ ಬಂದಿದೆಯಲ್ಲ. ಆಸುಸ್, ಲೆನೊವೊ, ಎಚ್‌ಪಿ, ಮೂರರಲ್ಲಿ ಯಾವುದು ತೆಗೆದುಕೊಳ್ಳಲಿ? ಮೂರು ಲಕ್ಷ ತೆಗೆದಿಟ್ಟಿದ್ದೇನೆ.

ಉತ್ತರ: ಮೂರು ಲಕ್ಷ ಸಣ್ಣ ಮೊತ್ತ ಅಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮೂರನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಆಸುಸ್‌ನ ಝೆನ್‌ಬುಕ್ 17 ಫೋಲ್ಡ್ 2022ರಲ್ಲಿ ಬಂತು. ಬಿಚ್ಚಿದರೆ 17.3 ಇಂಚು, ಮಡಚಿದರೆ 12.5 ಇಂಚು. ಅದೇ ವರ್ಷದ ನವೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಬೆಲೆ 3,29,990 ರೂಪಾಯಿ ಇತ್ತು, ಅಂದರೆ ನಿಮ್ಮ ಲೆಕ್ಕಕ್ಕಿಂತ ಜಾಸ್ತಿಯೇ. ಲೆನೊವೊದ ಎಕ್ಸ್1 ಫೋಲ್ಡ್ 16 ಬಿಚ್ಚಿದರೆ 16.3 ಇಂಚು, ಮಡಚಿದರೆ 12. ಎಚ್‌ಪಿಯ ಸ್ಪೆಕ್ಟರ್ ಫೋಲ್ಡಬಲ್ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ 4,999 ಡಾಲರಿಗೆ ಬಂತು, ಅದು ನಮ್ಮ ದುಡ್ಡಿನಲ್ಲಿ ನಾಲ್ಕು ಲಕ್ಷದ ಮೇಲಾಯಿತು. ಎಚ್‌ಪಿಯ ಬ್ಯಾಟರಿ ಮೂರರಲ್ಲಿ ದೊಡ್ಡದು, 94 ವ್ಯಾಟ್ ಅವರ್. ಆಸುಸ್‌ನದ್ದು 75. ಒಳಗಿನ ಚಿಪ್ ಮೂರರಲ್ಲೂ ಇಂಟೆಲ್ 12ನೇ ತಲೆಮಾರಿನ ಕಡಿಮೆ ಕರೆಂಟು ತಿನ್ನುವ ಯು ಸರಣಿಯದ್ದು. ನಿಮ್ಮ ಟ್ಯಾಲಿಗೆ ಅದು ಧಾರಾಳ ಸಾಕು. ಆದರೆ ಅರ್ಧ ಬೆಲೆಯ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಇದಕ್ಕಿಂತ ವೇಗದ ಚಿಪ್ ಸಿಗುತ್ತದೆ ಅನ್ನುವುದೂ ನಿಮಗೆ ಗೊತ್ತಿರಲಿ. ಇಲ್ಲಿ ನೀವು ದುಡ್ಡು ಕೊಡುವುದೆಲ್ಲ ಆ ಒಂದು ಪರದೆಗೆ ಮತ್ತು ಅದರ ಹಿಂಜಿಗೆ, ಅಂದರೆ ಮಡಚುವ ಕೀಲಿಗೆ.

ಇನ್ನು ನಿಮ್ಮ ಬಸ್ಸಿನ ವಿಷಯ. ಕಿಟಕಿ ಪಕ್ಕದ ಸೀಟು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ತೊಡೆಯ ಮೇಲೆ ಬ್ಯಾಗ್, ಅದರ ಮೇಲೆ ಲ್ಯಾಪ್‌ಟಾಪ್. 17 ಇಂಚು ಬಿಚ್ಚಿ ನಿಲ್ಲಿಸಬೇಕಾದರೆ ಹಿಂದೆ ಸ್ಟ್ಯಾಂಡಿಗೆ ಜಾಗ ಬೇಕು, ಮುಂದೆ ಬೇರೆಯಾಗಿ ಕೀಬೋರ್ಡ್ ಇಡಲು ಜಾಗ ಬೇಕು. ಬಸ್ಸಿನಲ್ಲಿ ಎಲ್ಲಿದೆ ಮಾರಾಯ್ರೆ ಅಷ್ಟು ಜಾಗ? ಹಾಗಾಗಿ ಅರ್ಧ ಮಡಚಿ, ಕೆಳಗಿನ ಅರ್ಧದ ಮೇಲೆ ಕೀಬೋರ್ಡ್ ಕೂರಿಸಿಕೊಳ್ಳುತ್ತೀರಿ. ಆಗ ನಿಮ್ಮ ಕಣ್ಣಿಗೆ ಉಳಿಯುವುದು ಮೇಲಿನ 12.5 ಇಂಚು ಮಾತ್ರ. ಈಗ ನಿಮ್ಮ ಹತ್ತಿರ ಇರುವ 14 ಇಂಚಿಗಿಂತ ಅದು ಚಿಕ್ಕದು! ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟಾಪಿನಲ್ಲಿ ಇಳಿಯುವವರೆಗೆ ನೀವು ಮೂರು ಲಕ್ಷ ಕೊಟ್ಟು ಇನ್ನೂ ಸಣ್ಣ ಶೀಟು ನೋಡುತ್ತಾ ಕೂತಿರುತ್ತೀರಿ. ಕಂಪನಿಗಳ ಫೋಟೋಗಳಲ್ಲಿ ಯಾವಾಗಲೂ ದೊಡ್ಡ ಮೇಜು ಇರುತ್ತದೆ, ಗಮನಿಸಿದ್ದೀರಾ?

ಮೇಜಿನ ಮೇಲೆ ಬಿಚ್ಚಿಟ್ಟರೆ ಮಾತ್ರ ಅದು ನಿಜವಾಗಿಯೂ ಚೆಂದ, ಇದನ್ನು ಮನಸ್ಸು ತುಂಬಿ ಹೇಳುತ್ತೇನೆ. ದುಬೈಯಿಂದ ರಜೆಗೆ ಬಂದಿದ್ದ ಗೆಳೆಯರೊಬ್ಬರು ಅಂಥದ್ದೊಂದು ತಂದಿದ್ದರು. ಕದ್ರಿಯ ಅವರ ಮನೆಯಲ್ಲಿ ಒಂದು ಮಧ್ಯಾಹ್ನವಿಡೀ ಅದರ ಮುಂದೆ ಕೂತಿದ್ದೆ. ಪರದೆ 4:3 ಅಳತೆಯದ್ದು, ಅಂದರೆ ಅಗಲದ ಜೊತೆಗೆ ಎತ್ತರವೂ ಇದೆ. ಎಕ್ಸೆಲ್‌ನಲ್ಲಿ ಸಾಲುಗಳು ಕೆಳಗೆ ಕೆಳಗೆ ಹೋಗುತ್ತಲೇ ಇರುತ್ತವೆ, ಆಗಾಗ ಸ್ಕ್ರೋಲ್ ಮಾಡುವ ರಗಳೆ ಇಲ್ಲ. ನೇರ ಎದುರು ಕೂತು ಬಿಳಿ ಶೀಟು ತೆರೆದಾಗ ನಡುವಿನ ಮಡಿಕೆ ಕಾಣಲೇ ಇಲ್ಲ. ಸ್ವಲ್ಪ ಪಕ್ಕಕ್ಕೆ ಸರಿದೆ, ಗೋಡೆಯ ಟ್ಯೂಬ್‌ಲೈಟಿನ ಪ್ರತಿಬಿಂಬ ಪರದೆಯ ನಡುವೆ ಬಂದು ಸೊಟ್ಟ ಆಯಿತು. ಬೆರಳು ಆಡಿಸಿದರೆ ಅಲ್ಲಿ ಸಣ್ಣ ತಗ್ಗು ಸಿಗುತ್ತದೆ, ಇಸ್ತ್ರಿ ಹಾಕಿದ ಮೇಲೂ ಉಳಿಯುವ ಪಂಚೆಯ ಮಡಿಕೆಯ ಹಾಗೆ. ಹತ್ತು ನಿಮಿಷ ಕಳೆದ ಮೇಲೆ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಆದರೆ ಅದನ್ನೇ ತೊಡೆಯ ಮೇಲೆ ಇಟ್ಟುಕೊಂಡಾಗ ಮೇಲಿನ ಅರ್ಧ ಹಿಂದಕ್ಕೆ ವಾಲುತ್ತಿತ್ತು, ಒಂದು ಕೈ ಸದಾ ಹಿಡಿದೇ ಇರಬೇಕಾಯಿತು.

ಹಾಗಾಗಿ ನಿಮಗೆ ನನ್ನ ಉತ್ತರ: ಮೂರೂ ಬೇಡ. ಎರಡು ಬೇರೆ ಬೇರೆ ಪರದೆ ಇರುವ ಲ್ಯಾಪ್‌ಟಾಪ್ ನೋಡಿ. ಆಸುಸ್‌ನ ಝೆನ್‌ಬುಕ್ ಡ್ಯುಯೊ 2024ರಲ್ಲಿ ಇಲ್ಲಿ 1,59,990ರಿಂದ ಶುರುವಾಗಿತ್ತು. ಎರಡು 14 ಇಂಚಿನ ಪರದೆ, ಒಂದರ ಮೇಲೊಂದು ನಿಲ್ಲುತ್ತವೆ, ಕೀಬೋರ್ಡ್ ಕಳಚಿ ಮುಂದೆ ಇಟ್ಟುಕೊಳ್ಳಬಹುದು. ನಡುವೆ ಕಪ್ಪು ಗೆರೆ ಇದೆ, ನಿಜ. ಆದರೆ ಮೇಲೆ ಲೆಡ್ಜರ್, ಕೆಳಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ತಾಳೆ ನೋಡುವವರಿಗೆ ಆ ಗೆರೆ ಏನು ತೊಂದರೆ ಕೊಡುತ್ತದೆ? ಬಸ್ಸಿನಲ್ಲಿ ಕೀಬೋರ್ಡ್ ಕೂರಿಸಿದರೆ ನಿಮ್ಮ 14 ಇಂಚು 14 ಇಂಚಾಗಿಯೇ ಇರುತ್ತದೆ. ಅಷ್ಟೂ ಖರ್ಚು ಬೇಡ ಅಂದರೆ ಈಗಿನ ಲ್ಯಾಪ್‌ಟಾಪನ್ನೇ ಇಟ್ಟುಕೊಂಡು, ಒಂದು ಕೇಬಲ್ಲಿನಲ್ಲಿ ಚುಚ್ಚುವ 15.6 ಇಂಚಿನ ಪೋರ್ಟಬಲ್ ಮಾನಿಟರ್ ತೆಗೆದುಕೊಂಡು ಮಂಗಳೂರಿನ ಆಫೀಸಿನಲ್ಲಿ ಬಿಟ್ಟುಬಿಡಿ. ಉಳಿದ ದುಡ್ಡು ಕೈಯಲ್ಲಿರುತ್ತದೆ.

ಪ್ರಶ್ನೆ: ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಪರದೆ ಒಡೆಯದೆ ಮಡಚುವುದು ಹೇಗೆ? ಮಾಮೂಲಿ ಪರದೆ ಯಾಕೆ ಮಡಚುವುದಿಲ್ಲ?

ಉತ್ತರ: ಮಾಮೂಲಿ ಎಲ್‌ಸಿಡಿ ಪರದೆಯಲ್ಲಿ ಬೆಳಕು ಹಿಂದಿನಿಂದ ಬರಬೇಕು. ಅದಕ್ಕೆ ಬೇರೆ ಹಲಗೆ, ಎರಡು ಗಾಜು, ನಡುವೆ ದ್ರವ. ಬಗ್ಗಿಸಿದರೆ ಗಾಜು ಒಡೆಯುತ್ತದೆ, ಗಾಜುಗಳ ನಡುವಿನ ಅಂತರವೂ ಕೆಡುತ್ತದೆ. ಮಡಚುವ ಪರದೆ ಓಎಲ್‌ಇಡಿ ಅನ್ನುವ ಬೇರೆ ಜಾತಿಯದ್ದು, ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಹಿಂದಿನ ಬೆಳಕು ಬೇಡ. ಅದನ್ನು ಗಾಜಿನ ಬದಲು ಪಾಲಿಇಮೈಡ್ ಅನ್ನುವ, ಬಿಸಿ ತಡೆಯುವ ತೆಳು ಪ್ಲಾಸ್ಟಿಕ್ ಮೇಲೆ ಕಟ್ಟುತ್ತಾರೆ.

ತೆಳು ಮಾಡಿದರೆ ಮಾತ್ರ ಸಾಲದು. ಒಂದು 200 ಪೇಜಿನ ನೋಟ್‌ಬುಕ್ ಹಿಡಿದು ಬಗ್ಗಿಸಿ ನೋಡಿ. ಅಂಚಿನಲ್ಲಿ ಹಾಳೆಗಳು ಒಂದರ ಮೇಲೊಂದು ಜಾರಿ ಮೆಟ್ಟಿಲಿನ ಹಾಗೆ ಆಗುತ್ತವೆ ಅಲ್ವಾ? ಅದೇ ಹಾಳೆಗಳನ್ನು ಗಟ್ಟಿ ಅಂಟಿನಿಂದ ಅಂಟಿಸಿದ್ದರೆ ಹೊರಗಿನ ಹಾಳೆ ಎಳೆದುಕೊಂಡು ಹರಿಯುತ್ತಿತ್ತು, ಒಳಗಿನದ್ದು ಮುದುಡುತ್ತಿತ್ತು. ಎಳೆತವೂ ಇಲ್ಲದ ಒತ್ತಡವೂ ಇಲ್ಲದ ಒಂದು ಪದರ ನಡುವೆ ಇರುತ್ತದೆ. ಬೇಗ ಒಡೆಯುವ ಬೆಳಕಿನ ಪದರವನ್ನು ಆದಷ್ಟು ಅಲ್ಲಿಗೆ ಬರುವಂತೆ ಜೋಡಿಸುತ್ತಾರೆ, ಉಳಿದ ಪದರಗಳ ನಡುವೆ ಸ್ವಲ್ಪ ಜಾರಲು ಬಿಡುವ ಮೆತ್ತನೆಯ ಅಂಟು ಹಾಕುತ್ತಾರೆ. ಆಮೇಲೆ ಹಿಂಜು. ಅದು ಪರದೆಯನ್ನು ಕಾಗದದ ಹಾಗೆ ಚೂಪಾಗಿ ಮಡಚುವುದಿಲ್ಲ, ಒಳಗೆ ಸಣ್ಣ ಸುರುಳಿಯಾಗಿ ತಿರುಗಲು ಜಾಗ ಬಿಡುತ್ತದೆ. ಬಾಳೆಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಅಜ್ಜಿ ನಿಧಾನಕ್ಕೆ ಸುತ್ತುತ್ತಾರಲ್ಲ, ಹಾಗೆ. ಅವಸರ ಮಾಡಿದರೆ ಎಲೆಯೂ ಸೀಳುತ್ತದೆ. ಆಸುಸ್ ತನ್ನ ಹಿಂಜನ್ನು 30,000 ಸಲ ತೆರೆದು ಮುಚ್ಚಿ ಪರೀಕ್ಷೆ ಮಾಡಿದ್ದೇವೆ ಅಂದಿತ್ತು. ದಿನಕ್ಕೆ ಹತ್ತು ಸಲ ಅಂದರೂ ಎಂಟು ವರ್ಷ ಆಗುತ್ತದೆ. ಒಳ್ಳೆಯ ಲೆಕ್ಕವೇ, ಆದರೆ ಅದು ಹಿಂಜಿನ ಲೆಕ್ಕ. ಉಗುರು, ಪೆನ್ನು, ಮರಳು, ನಮ್ಮ ಊರಿನ ಹವೆ ಇವು ಅದರಲ್ಲಿ ಸೇರಿಲ್ಲ.

ಪ್ರಶ್ನೆ: ಕಾಪುವಿನಲ್ಲಿ ನಮ್ಮ ಮನೆಗೂ ಸಮುದ್ರಕ್ಕೂ ಐದು ನಿಮಿಷದ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ಇಂಥ ಲ್ಯಾಪ್‌ಟಾಪ್ ಬಾಳಿಕೆ ಬರುತ್ತದಾ?

ಉತ್ತರ: ಇದನ್ನು ಕೇಳಿದ್ದು ತುಂಬ ಒಳ್ಳೆಯದಾಯಿತು. ಓಎಲ್‌ಇಡಿಗೆ ತೇವ ಮತ್ತು ಆಮ್ಲಜನಕ ಎರಡೂ ಆಗುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲೇ ಬೆಳಕಿನ ಪದರದ ಮೇಲೆ ತೇವ ಹೋಗದ ಹಾಗೆ ತೆಳು ಪೊರೆಗಳನ್ನು ಹೊದಿಸಿರುತ್ತಾರೆ. ಆ ಪೊರೆ ಸರಿ ಇರುವವರೆಗೆ ಮಳೆಗಾಲದ ಹವೆಗೆ ಪರದೆ ಹೆದರಬೇಕಿಲ್ಲ. ಮಡಿಕೆಯ ಜಾಗದಲ್ಲಿ ಪದರ ಬಿಟ್ಟರೆ ಅಥವಾ ಗೀರು ಆಳಕ್ಕೆ ಹೋದರೆ ಮಾತ್ರ ಅಲ್ಲಿಂದಲೇ ಕಪ್ಪು ಕಲೆ ಶುರು. ಆಮೇಲೆ ಅದನ್ನು ತೇಪೆ ಹಾಕಿ ಸರಿ ಮಾಡಲು ಆಗುವುದಿಲ್ಲ, ಇಡೀ ಪರದೆ ಬದಲಾಯಿಸಬೇಕು.

ಉಪ್ಪಿನ ಗಾಳಿ ಹಿಂಜಿನ ಸ್ಕ್ರೂ, ಚಾರ್ಜಿಂಗ್ ಪೋರ್ಟು ಎರಡನ್ನೂ ತಿನ್ನುತ್ತದೆ. ನನ್ನದೇ ಒಂದು ಹಳೆಯ ಮಾಮೂಲಿ ಲ್ಯಾಪ್‌ಟಾಪ್ ಎರಡು ತಿಂಗಳು ಮರದ ಕಪಾಟಿನಲ್ಲಿ ಹಾಗೇ ಉಳಿದಿತ್ತು. ಆಗಸ್ಟ್‌ನಲ್ಲಿ ತೆಗೆದಾಗ ಬ್ಯಾಗಿನ ಮೇಲೆ ಬಿಳಿ ಬೂಷ್ಟು, ಪೋರ್ಟಿನ ಒಳಗೆ ಹಸಿರು ಕಿಲುಬು, ಎಷ್ಟು ಚುಚ್ಚಿದರೂ ಚಾರ್ಜ್ ಆಗಲಿಲ್ಲ. ಆಮೇಲಿಂದ ಮಳೆಗಾಲದಲ್ಲಿ ಯಾವ ಯಂತ್ರವನ್ನೂ ಸುಮ್ನೆ ಇಡುವುದಿಲ್ಲ. ದಿನಾ ಒಂದು ಗಂಟೆ ಓಡಿಸುತ್ತೇನೆ, ಅದರ ಬಿಸಿಗೇ ಒಳಗಿನ ತೇವ ಹೋಗುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಾಯಿಸಿ. ಎಸಿ ಬಸ್ಸಿನಿಂದ ಇಳಿದ ಕೂಡಲೇ ಬಿಚ್ಚಬೇಡಿ. ತಣ್ಣಗಿನ ಪರದೆಯ ಮೇಲೆ ಹೊರಗಿನ ಹವೆ ನೀರಾಗಿ ಕೂರುತ್ತದೆ, ಕನ್ನಡಕದ ಮೇಲೆ ಕೂರುತ್ತದಲ್ಲ ಹಾಗೆ. ಕಾಲು ಗಂಟೆ ಬ್ಯಾಗಿನಲ್ಲೇ ಇರಲಿ.

ಎಲ್ಲಕ್ಕಿಂತ ನನಗೆ ಹೆದರಿಕೆ ಮರಳಿನದ್ದು. ಮಡಚುವ ಪರದೆಯ ಮೇಲ್ಮೈ ಮೆತ್ತನೆಯ ಪ್ಲಾಸ್ಟಿಕ್. ಕಾಪು ಬೀಚಿನ ಒಂದು ಮರಳಿನ ಕಣ ಒಳಗೆ ಉಳಿದು, ನೀವು ಕೀಬೋರ್ಡ್ ನಡುವೆ ಇಟ್ಟು ಮಡಚಿದಿರೋ, ಅದು ಪರದೆಗೆ ಒತ್ತಿ ಗುಳಿ ಬೀಳುತ್ತದೆ. ಮುಚ್ಚುವ ಮೊದಲು ಪ್ರತಿ ಸಲ ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸುವ ತಾಳ್ಮೆ ಮನೆಯಲ್ಲಿ ಎಲ್ಲರಿಗೂ ಇದೆಯಾ, ಮಕ್ಕಳಿಗೂ? ಇಲ್ಲ ಅಂದರೆ ಗಾಜಿನ ಪರದೆಯದ್ದೇ ನಿಮಗೆ ಸರಿ.

ಪ್ರಶ್ನೆ: ಕುಂದಾಪುರದವನು, ನಿವೃತ್ತ ಕನ್ನಡ ಮಾಸ್ತರು. ಯಕ್ಷಗಾನ ಪ್ರಸಂಗಗಳನ್ನು ನುಡಿಯಲ್ಲಿ ಟೈಪ್ ಮಾಡಿ ಇಡುತ್ತಿದ್ದೇನೆ. ಮಗ ಹಡಗಿನಲ್ಲಿದ್ದಾನೆ, ಶಾಂಘೈಯಿಂದ ಹುವಾವೆಯ 18 ಇಂಚಿನ ಮಡಚುವ ಲ್ಯಾಪ್‌ಟಾಪ್ ತರುತ್ತೇನೆ ಅಂತಾನೆ. ತರಿಸಲಾ?

ಉತ್ತರ: ಬೇಡ ಮಾಸ್ಟ್ರೇ. ಯಂತ್ರ ಬಹಳ ಚೆಂದ ಇದೆ. 2025ರ ಮೇಯಲ್ಲಿ ಚೀನಾದಲ್ಲಿ ಬಂದ ಮೇಟ್‌ಬುಕ್ ಫೋಲ್ಡ್ ಅದು, ಬಿಚ್ಚಿದಾಗ ದಪ್ಪ 7.3 ಮಿಲಿಮೀಟರ್, ತೂಕ 1.16 ಕೆಜಿ, ಬೆಲೆ 23,999 ಯುವಾನ್‌ನಿಂದ ಶುರು. ಆದರೆ ಅದರಲ್ಲಿ ವಿಂಡೋಸ್ ಇಲ್ಲ, ಹಾರ್ಮನಿಓಎಸ್ ಅಂತ ಅವರದ್ದೇ ವ್ಯವಸ್ಥೆ. ನೀವು ಬಳಸುವ ನುಡಿ ವಿಂಡೋಸಿಗೆ ಮಾಡಿದ ತಂತ್ರಾಂಶ. ಅದಕ್ಕಿಂತ ಮುಖ್ಯ, ನಿಮ್ಮ ಹಳೆಯ ಕಡತಗಳು ಯೂನಿಕೋಡ್‌ಗೆ (ಎಲ್ಲ ಯಂತ್ರಗಳಲ್ಲೂ ಅಕ್ಷರ ಒಂದೇ ಥರ ಓದಿಸುವ ಪದ್ಧತಿ) ಮೊದಲಿನ ನುಡಿ ಫಾಂಟಿನಲ್ಲಿ ಇದ್ದರೆ, ಆ ಫಾಂಟ್ ಇಲ್ಲದ ಕಡೆ ತೆರೆದಾಗ ಪದ್ಯದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ವರ್ಷಗಟ್ಟಲೆ ಕೂತು ಟೈಪ್ ಮಾಡಿದ್ದನ್ನು ಹಾಗೆ ನೋಡುವುದು ಬೇಡ. ಮಗನಿಗೆ ಹೇಳಿ, ಊರಿಗೆ ಬಂದಾಗ ಇಲ್ಲೇ ಒಂದು ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಲಿ. ಎರಡು ದಿನ ನಿಮ್ಮ ಪಕ್ಕ ಕೂತು ಹಳೆಯ ಕಡತಗಳನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇಟ್ಟು ಹೋಗಲಿ.

ಪ್ರಶ್ನೆ: ಮಣಿಪಾಲದಿಂದ. ಮಡಚುವುದರ ಬದಲು ಮೇಲಕ್ಕೆ ಉದ್ದವಾಗುವ ಪರದೆಯೂ ಬಂದಿದೆಯಂತೆ. ಕೋಡ್ ಬರೆಯುವವನಿಗೆ ಯಾವುದು ವಾಸಿ?

ಉತ್ತರ: ಕೋಡಿಗಾದರೆ ಉದ್ದವಾಗುವುದೇ. ಲೆನೊವೊ 2025ರ ಜನವರಿಯಲ್ಲಿ ತೋರಿಸಿದ ಥಿಂಕ್‌ಬುಕ್ ಪ್ಲಸ್‌ನಲ್ಲಿ 14 ಇಂಚಿನ ಪರದೆ ಮೋಟಾರಿನಿಂದ ಮೇಲೆದ್ದು 16.7 ಇಂಚು ಆಗುತ್ತದೆ, ಉಳಿದ ಪರದೆ ಕೀಬೋರ್ಡಿನ ಕೆಳಗೆ ಸುತ್ತಿಕೊಂಡಿರುತ್ತದೆ. ಕೀಬೋರ್ಡ್ ಮಾಮೂಲಿಯದ್ದೇ, ತೊಡೆಯ ಮೇಲೆ ಗಟ್ಟಿ ಕೂರುತ್ತದೆ. ಆಗ ಹೇಳಿದ ಅಮೆರಿಕದ ಬೆಲೆ 3,499 ಡಾಲರ್. ಆದರೆ ಮೋಟಾರು, ಸುರುಳಿ ಅಂತ ಕೆಡಬಹುದಾದ ಭಾಗ ಇನ್ನೂ ಎರಡು ಜಾಸ್ತಿ ಆಯಿತು. ಮಡಚುವುದಿರಲಿ, ಸುತ್ತುವುದಿರಲಿ, ದುಡ್ಡು ಕೊಡುವ ಮೊದಲು ಅಂಗಡಿಯವರ ಹತ್ತಿರ ಎರಡು ಮಾತು ಬರಹದಲ್ಲಿ ತೆಗೆದುಕೊಳ್ಳಿ: ಪರದೆ ಬದಲಾಯಿಸಲು ಎಷ್ಟಾಗುತ್ತದೆ, ಮಂಗಳೂರಿನಲ್ಲೇ ಮಾಡಿಕೊಡುತ್ತಾರಾ ಅಥವಾ ಬೆಂಗಳೂರಿಗೆ ಕಳಿಸಬೇಕಾ. ಹೊರದೇಶದಿಂದ ತರುವುದಾದರೆ ವಾರಂಟಿ ಇಲ್ಲಿ ನಡೆಯುತ್ತದಾ ಅಂತಲೂ ಕೇಳಿ.

ಓದುಗರಲ್ಲಿ ಯಾರಾದರೂ ಇಂಥದ್ದನ್ನು ತೆಗೆದುಕೊಂಡು ಒಂದು ಪೂರ್ತಿ ಮಳೆಗಾಲ ಕರಾವಳಿಯಲ್ಲೇ ಬಳಸಿದ್ದರೆ, ಹಿಂಜು ಮತ್ತು ಮಡಿಕೆ ಈಗ ಹೇಗಿವೆ ಅಂತ ದಯವಿಟ್ಟು ಬರೆದು ಕಳಿಸಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.