ಕ್ಯಾಮೆರಾ ಆಮೇಲೆ, ಮೊದಲು ಒಂದು ರಾತ್ರಿ ನಡೆದು ನೋಡಿ

ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪತ್ರದಲ್ಲಿ ಇದ್ದದ್ದನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಕ್ಲಾಸ್ ಮುಗಿಸಿ ಮನೆಗೆ ಬರುತ್ತಿದ್ದ ಹುಡುಗಿಯೊಬ್ಬಳನ್ನು ಬೈಕಿನಲ್ಲಿ ಬಂದ ಇಬ್ಬರು ಬೀದಿಯ ಕೊನೆವರೆಗೂ ಹಿಂಬಾಲಿಸಿದರು. ಅದಾದ ಮೇಲೆ ನಿಮ್ಮ ಬಡಾವಣೆಯವರು ಸೇರಿ ಒಂದು ಗುಂಪು ಕಟ್ಟಿದಿರಿ. ರಾತ್ರಿ ಎಂಟೂವರೆಗೆ ಮೊದಲ ಸಭೆ. ಬಂದವರು ಹದಿನೆಂಟು ಗಂಡಸರು, ಮೂವರು ಹೆಂಗಸರು. ತೀರ್ಮಾನ ಎರಡೇ: ಚಂದಾ ಎತ್ತಿ ಕ್ಯಾಮೆರಾ ಹಾಕಿಸುವುದು, ಹೆಣ್ಣುಮಕ್ಕಳು ಒಂಬತ್ತರೊಳಗೆ ಮನೆ ಸೇರಲಿ ಅಂತ ಮನೆಮನೆಗೆ ಹೇಳಿ ಬರುವುದು. ಏನೋ ಸರಿಯಿಲ್ಲ ಅಂತ ನಿಮಗೆ ಅನ್ನಿಸಿತು. ಬಾಯಿ ತೆರೆಯುವಷ್ಟರಲ್ಲಿ ಹಿರಿಯರೊಬ್ಬರು ಮುಳ್ಳು ಸೆರಗಿನ ಗಾದೆ ಹೇಳಿದರು, ನೀವು ಸುಮ್ಮನಾದಿರಿ. ಈಗ ಮುಂದಿನ ಸಭೆಯಲ್ಲಿ ಏನು ಹೇಳಲಿ ಅಂತ ಕೇಳಿದ್ದೀರಿ. ಹದಿನೇಳು ವರ್ಷದ ಮಗ "ನಾನೇನು ಮಾಡಲಿ ಅಮ್ಮಾ" ಅಂತ ಕೇಳಿದ್ದನ್ನೂ ಬರೆದಿದ್ದೀರಿ.

ಮೊದಲು ಆ ಗಾದೆಗೆ ಉತ್ತರ ಕೊಡೋಣ. ಮುಳ್ಳು ಸೆರಗಿನ ಮೇಲೆ ಬಿದ್ದರೂ, ಸೆರಗು ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ. ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಈ ಮಾತು ಕೇಳಿಸಿಕೊಂಡು ಒಳಗೆ ಹೋಗಿದ್ದಾರೋ. ಆದರೆ ಆ ಗಾದೆಯಲ್ಲಿ ಮುಳ್ಳನ್ನು ಕಿತ್ತು ಹಾಕುವ ಮಾತೇ ಇಲ್ಲ, ಗಮನಿಸಿದ್ದೀರಾ? ದಾರಿಗೆ ಅಡ್ಡವಾಗಿ ಮುಳ್ಳಿನ ಕೊಂಬೆ ಬಿದ್ದರೆ ಯಾರಾದರೂ ಎತ್ತಿ ಆಚೆ ಹಾಕುತ್ತಾರೆ. ನಿಮ್ಮ ಗುಂಪು ಮಾಡಬೇಕಾದ ಕೆಲಸ ಅಷ್ಟೇ. ಹಿರಿಯರ ಮೇಲೆ ಕೋಪ ಬೇಡ, ಅವರು ಹೆದರಿಕೆಯಿಂದಲೇ ಹೇಳಿದ್ದಾರೆ. ಇದನ್ನು ಅವರ ಮುಂದೆಯೇ ನಿಧಾನವಾಗಿ ಹೇಳಿ.

ಒಂಬತ್ತು ಗಂಟೆಯ ತೀರ್ಮಾನ ಯಾಕೆ ತಪ್ಪು ಅನ್ನುವುದಕ್ಕೆ ಸಭೆಯಲ್ಲಿ ಹೇಳಬಹುದಾದ ಲೆಕ್ಕ ಒಂದಿದೆ. ಇವತ್ತು ನಿಮ್ಮ ಬೀದಿಯಲ್ಲಿ ರಾತ್ರಿ ಒಂಬತ್ತೂವರೆಗೆ ಹತ್ತು ಜನ ಹೆಂಗಸರು ಓಡಾಡುತ್ತಾರೆ ಅಂದುಕೊಳ್ಳಿ. ನಿಮ್ಮ ಗುಂಪಿನ ಮಾತು ಕೇಳಿ ಎಂಟು ಜನ ಒಳಗೆ ಉಳಿದರು. ಉಳಿದ ಇಬ್ಬರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬರುವವರು, ಇನ್ನೊಬ್ಬರು ನಾಲ್ಕು ಮನೆ ಕೆಲಸ ಮುಗಿಸಿ ಹೋಗುವವರು. ಅವರಿಗೆ ಒಂಬತ್ತರೊಳಗೆ ಮನೆ ಸೇರುವ ಆಯ್ಕೆಯೇ ಇಲ್ಲ. ನಿನ್ನೆವರೆಗೆ ಹತ್ತರಲ್ಲಿ ಒಬ್ಬರಾಗಿ ನಡೆಯುತ್ತಿದ್ದವರು ಇವತ್ತಿಂದ ಖಾಲಿ ಬೀದಿಯಲ್ಲಿ ಒಬ್ಬೊಬ್ಬರೇ. ಮೇಲಿಂದ, ಏನಾದರೂ ಆದರೆ "ಆ ಹೊತ್ತಲ್ಲಿ ಅವಳಿಗೇನು ಕೆಲಸ" ಅನ್ನುವ ಮಾತಿಗೆ ನೀವೇ ಬಾಗಿಲು ತೆರೆದ ಹಾಗಾಯಿತು. ಹೆಂಗಸರು ಕಡಿಮೆಯಾದಷ್ಟೂ ಉಳಿದ ಹೆಂಗಸರಿಗೆ ಬೀದಿ ಕಷ್ಟವಾಗುತ್ತದೆ. ಹಾಗಾಗಿ ಯಾವ ತೀರ್ಮಾನಕ್ಕೂ ನಾನು ಇಡುವ ಅಳತೆ ಒಂದೇ: ಇದರಿಂದ ಹೊರಗೆ ಬರುವ ಹೆಂಗಸರು ಜಾಸ್ತಿ ಆಗುತ್ತಾರಾ, ಕಡಿಮೆ ಆಗುತ್ತಾರಾ?

ಇದು ಹಳೆಯ ಜಗಳ. 1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಒಬ್ಬ ಹಂತಕ ಹೆಂಗಸರನ್ನು ಒಬ್ಬರಾದ ಮೇಲೆ ಒಬ್ಬರಂತೆ ಕೊಲ್ಲುತ್ತಿದ್ದಾಗ ಕತ್ತಲಾದ ಮೇಲೆ ಹೊರಗೆ ಬರಬೇಡಿ ಅಂತ ಅಲ್ಲಿಯ ಹೆಂಗಸರಿಗೂ ಹೇಳಿದ್ದರು. 1977ರ ನವೆಂಬರ್ 12ರ ರಾತ್ರಿ ಲೀಡ್ಸ್ ಸೇರಿ ಹಲವು ಊರುಗಳಲ್ಲಿ ಹೆಂಗಸರು ಗುಂಪಾಗಿ ಬೀದಿಗಿಳಿದು ನಡೆದರು. ರಾತ್ರಿಯನ್ನು ವಾಪಸ್ ಕೊಡಿ ಅನ್ನುವ ಆ ನಡಿಗೆ ಇವತ್ತಿಗೂ ಬೇರೆಬೇರೆ ಊರುಗಳಲ್ಲಿ ನಡೆಯುತ್ತಿದೆ. ತಪ್ಪು ಮಾಡಿದವನು ಹೊರಗೆ, ತಪ್ಪು ಮಾಡದವರು ಒಳಗೆ ಯಾಕೆ ಅನ್ನುವುದು ಅವರ ಪ್ರಶ್ನೆ. ಅದನ್ನೇ ನಿಮ್ಮ ಸಭೆಯಲ್ಲೂ ಕೇಳಿ.

ಇನ್ನು ಕ್ಯಾಮೆರಾ. ನಾನು ಕ್ಯಾಮೆರಾ ವಿರೋಧಿ ಅಲ್ಲ. ಆ ಬೈಕಿನ ನಂಬರ್ ಸಿಕ್ಕಿದ್ದರೆ ಉಪಯೋಗ ಆಗುತ್ತಿತ್ತು, ನಿಜ. ಆದರೆ ನಲವತ್ತು ವರ್ಷಗಳ ಸಿಸಿಟಿವಿ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಇದೆ. ಕ್ಯಾಮೆರಾದಿಂದ ಒಟ್ಟು ಅಪರಾಧ ಸುಮಾರು ನೂರಕ್ಕೆ 13ರಷ್ಟು ಕಡಿಮೆಯಾಗಿದೆ, ಅತಿ ಹೆಚ್ಚು ಕೆಲಸ ಮಾಡಿದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ, ಹಲ್ಲೆಯಂಥ ಅಪರಾಧಗಳ ಮೇಲೆ ಮಾತ್ರ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ ಅಂತ ಅದರಲ್ಲಿ ಬಂತು. ಬೆಳಕಿನ ಕಥೆ ಬೇರೆ. ನ್ಯೂಯಾರ್ಕ್‌ನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಸುಮಾರು 40ನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅಲ್ಲಿ ದೊಡ್ಡ ದೀಪಗಳನ್ನು ನಿಲ್ಲಿಸಿದರು. ರಾತ್ರಿ ಹೊತ್ತು ಹೊರಗೆ ನಡೆಯುವ ಗಂಭೀರ ಅಪರಾಧಗಳು ಅಲ್ಲಿ ಸುಮಾರು ನೂರಕ್ಕೆ 36ರಷ್ಟು ಇಳಿದವು. ಚಂದಾ ಹಣ ಒಂದೇ ಕಡೆ ಹಾಕುವಷ್ಟಿದ್ದರೆ ನಾನಂತೂ ಬೆಳಕಿಗೇ ಹಾಕುತ್ತೇನೆ.

ಆದರೆ ಬೆಳಕು ಎಲ್ಲಿಗೆ? ಅದು ಸಭೆಯಲ್ಲಿ ಕುರ್ಚಿ ಮೇಲೆ ಕೂತರೆ ಗೊತ್ತಾಗುವುದಿಲ್ಲ. ನಡೆಯಬೇಕು. ಇದಕ್ಕೊಂದು ಪದ್ಧತಿಯೇ ಇದೆ. ಕೆನಡಾದ ಟೊರಾಂಟೊದಲ್ಲಿ ಮೆಟ್ರಾಕ್ ಎಂಬ ಸಂಸ್ಥೆ 1989ರಲ್ಲಿ ಇದನ್ನು ಶುರು ಮಾಡಿತು. ಒಂದು ಜಾಗವನ್ನು ಬಳಸುವ ಹೆಂಗಸರೇ ನಾಲ್ಕೈದು ಜನ ಸೇರಿ, ಕತ್ತಲಾದ ಮೇಲೆ, ಕೈಯಲ್ಲಿ ಪ್ರಶ್ನೆಗಳ ಹಾಳೆ ಹಿಡಿದು ನಡೆಯುವುದು, ಎಲ್ಲಿ ಅಳುಕು ಆಗುತ್ತದೋ ಅಲ್ಲಿ ನಿಂತು ಯಾಕೆ ಅಂತ ಬರೆಯುವುದು. ಈಗ ಲೋಕದ ಎಷ್ಟೋ ಊರುಗಳಲ್ಲಿ ಹೀಗೆ ಮಾಡುತ್ತಾರೆ. 2013ರಲ್ಲಿ ದೆಹಲಿಯಲ್ಲಿ ಶುರುವಾದ, ಜಾಗಗಳ ಸುರಕ್ಷತೆ ಅಳೆಯುವ ಸೇಫ್ಟಿಪಿನ್ ಆ್ಯಪ್ ಕೂಡ ಇದೇ ಬೇರಿನಿಂದ ಬಂದದ್ದು. ಅದು ಕೇಳುವುದು ಇಷ್ಟು: ಬೆಳಕು ಇದೆಯಾ, ಜಾಗ ಬಯಲಾಗಿದೆಯಾ, ಸುತ್ತಲಿನ ಕಿಟಕಿ ಬಾಗಿಲುಗಳಿಂದ ನೀವು ಕಾಣುತ್ತೀರಾ, ಜನ ಇದ್ದಾರಾ, ಅದರಲ್ಲಿ ಹೆಂಗಸರೆಷ್ಟು, ನಡೆಯಲು ದಾರಿ ಸರಿಯಿದೆಯಾ, ಬಸ್ಸೋ ರೈಲೋ ಹತ್ತಿರ ಇದೆಯಾ, ಕಾವಲು ಇದೆಯಾ, ಕೊನೆಗೆ ನಿಮಗೆ ಹೇಗನ್ನಿಸಿತು. ಒಟ್ಟು ಒಂಬತ್ತು ಪ್ರಶ್ನೆ. ಒಂದು ಹಾಳೆ ಸಾಕು.

ನಾನೂ ಒಮ್ಮೆ ಇಂಥ ನಡಿಗೆಗೆ ಹೋಗಿದ್ದೆ. ಏಳು ಜನ ಇದ್ದೆವು. ಮುಂದೆ ನಡೆಯುತ್ತಿದ್ದವರು ಆ ಬೀದಿಯಲ್ಲಿ ಹನ್ನೊಂದು ವರ್ಷದಿಂದ ದಿನಾ ಓಡಾಡುವವರು. ಮಾತಾಡುತ್ತಾ ಆಡುತ್ತಾ ಒಂದು ಕಡೆ ಅವರು ರಸ್ತೆ ದಾಟಿ ಆಚೆ ಬದಿಗೆ ಹೋದರು, ಒಂದು ಮೂವತ್ತು ಹೆಜ್ಜೆ ಆದ ಮೇಲೆ ಮತ್ತೆ ಈಚೆ ಬಂದರು. ಯಾಕೆ ದಾಟಿದಿರಿ ಅಂತ ಒಬ್ಬರು ಕೇಳಿದರು. "ದಾಟಿದೆನಾ?" ಅಂದರು. ಅವರಿಗೆ ಅದು ಗೊತ್ತೇ ಇರಲಿಲ್ಲ. ವಾಪಸ್ ಹೋಗಿ ನೋಡಿದೆವು. ಉದ್ದ ಕಾಂಪೌಂಡ್ ಗೋಡೆ, ಅದಕ್ಕೆ ಅಂಟಿಕೊಂಡ ಹಾಗೆ ಸಾಲಾಗಿ ನಿಲ್ಲಿಸಿದ ಕಾರುಗಳು, ನಡುವೆ ಒಬ್ಬರು ಮಾತ್ರ ನುಸುಳಬಹುದಾದ ಫುಟ್‌ಪಾತ್. ಒಳಗೆ ಹೊಕ್ಕರೆ ಮೂವತ್ತು ಹೆಜ್ಜೆವರೆಗೂ ಹೊರಗೆ ಬರಲು ಸಂದಿಯಿಲ್ಲ. ಮೇಲೆ ದೀಪ ಇತ್ತು, ಉರಿಯುತ್ತಲೂ ಇತ್ತು, ಮರದ ಕೊಂಬೆ ಅದನ್ನು ಪೂರ್ತಿ ಮುಚ್ಚಿತ್ತು. ಕಡತದಲ್ಲಿ ನೋಡಿದರೆ ಆ ಬೀದಿಯಲ್ಲಿ ಎಲ್ಲ ದೀಪವೂ ಸರಿ. ಆ ಹೆಂಗಸಿನ ಕಾಲಿಗೆ ಮಾತ್ರ ಗೊತ್ತಿತ್ತು. ಹನ್ನೊಂದು ವರ್ಷ, ದಿನಕ್ಕೆರಡು ಸಲ, ಯಾರಿಗೂ ಹೇಳದೆ, ತಾವೇ ಅರಿಯದೆ ಅವರು ದಾಟುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಂಕಟವಾಗುತ್ತದೆ.

ಕೊಂಬೆ ಕತ್ತರಿಸುವುದು ಅರ್ಧ ದಿನದ ಕೆಲಸ. ಆದರೆ ಅರ್ಜಿ ಬರೆಯುವಾಗ "ನಮ್ಮ ಬೀದಿಯಲ್ಲಿ ಬೆಳಕಿಲ್ಲ" ಅಂತ ಸುಮ್ನೆ ಬರೆಯಬೇಡಿ. ಕಂಬದ ನಂಬರ್, ನೋಡಿದ ದಿನ, ಹೊತ್ತು, ಅಲ್ಲಿಂದ ತೆಗೆದ ಫೋಟೋ, ಇಷ್ಟು ಹಾಕಿ. ಮತ್ತೆ, ಬೆಳಕು ಕಣ್ಣು ಕುಕ್ಕುವಷ್ಟು ಬೇಡ. ಒಂದು ಕಡೆ ಹಗಲಿನಂಥ ಬೆಳಕು, ಪಕ್ಕದಲ್ಲಿ ಕಗ್ಗತ್ತಲೆ ಇದ್ದರೆ ಬೆಳಕಿನಲ್ಲಿ ನಿಂತವಳು ಎಲ್ಲರಿಗೂ ಕಾಣುತ್ತಾಳೆ, ಅವಳಿಗೆ ಯಾರೂ ಕಾಣುವುದಿಲ್ಲ. ಎದುರು ಬರುವವರ ಮುಖ ಸ್ವಲ್ಪ ದೂರದಿಂದಲೇ ಗುರುತು ಸಿಗಬೇಕು, ಬೇಕಾದರೆ ದಾರಿ ಬದಲಿಸಲು ಸಮಯ ಇರಬೇಕು. ಅಷ್ಟಿದ್ದರೆ ಸಾಕು.

ಹೆಂಗಸರನ್ನು ಕೇಳಿದಾಗ ಬರುವ ಉತ್ತರಗಳು ಎಷ್ಟು ಸಣ್ಣವು, ಎಷ್ಟು ಅಗ್ಗದವು ಅಂತ ಆಶ್ಚರ್ಯ ಆಗುತ್ತದೆ. ಟೊರಾಂಟೊದಲ್ಲೇ ರಾತ್ರಿ ಹೊತ್ತು ಒಂಟಿ ಹೆಂಗಸರು ಕೇಳಿದರೆ ಎರಡು ಸ್ಟಾಪ್‌ಗಳ ನಡುವೆಯೂ ಬಸ್ ನಿಲ್ಲಿಸುವುದನ್ನು 1991ರಲ್ಲಿ ಶುರು ಮಾಡಿದರು. ಮಾಂಟ್ರಿಯಲ್‌ನಲ್ಲೂ 1996ರಲ್ಲಿ ಹೀಗೇ ಶುರುವಾಯಿತು. ಖರ್ಚು ಏನು? ಬ್ರೇಕ್ ಒಂದು ಸಲ ಜಾಸ್ತಿ ಒತ್ತಬೇಕು. ವಿಯೆನ್ನಾದಲ್ಲಿ ಹುಡುಗಿಯರು ಒಂಬತ್ತು ಹತ್ತು ವರ್ಷ ದಾಟಿದ ಮೇಲೆ ಪಾರ್ಕಿಗೆ ಬರುವುದನ್ನೇ ನಿಲ್ಲಿಸುತ್ತಾರೆ ಅಂತ 1990ರ ದಶಕದಲ್ಲಿ ಗಮನಿಸಿದರು. ಪಾರ್ಕಿನ ನಡುವೆ ಬೇಲಿ ಹಾಕಿದ ಒಂದೇ ದೊಡ್ಡ ಆಟದ ಜಾಗ, ಒಂದೇ ಬಾಗಿಲು, ದೊಡ್ಡ ಹುಡುಗರು ಬಂದು ನಿಂತರೆ ಮುಗೀತು. ಜಾಗವನ್ನು ಬಿಡಿಬಿಡಿ ಮಾಡಿ, ದಾರಿಗಳನ್ನು ಅಗಲ ಮಾಡಿ, ಗುಂಪಾಗಿ ಕೂರಲು ಬೇರೆ ಬೇರೆ ಕಡೆ ಏರ್ಪಾಡು ಮಾಡಿದ ಮೇಲೆ ಹುಡುಗಿಯರು ಮತ್ತೆ ಬಂದರು. ಯಾರನ್ನೂ ಹೊರಗೆ ಹಾಕಲಿಲ್ಲ. ಯಾರಿಗೂ ಬುದ್ಧಿ ಹೇಳಲಿಲ್ಲ.

ಯಾರನ್ನೂ ಹೊರಗೆ ಹಾಕದಿರುವುದು ಅಂದೆ, ಅದನ್ನು ಸ್ವಲ್ಪ ಒತ್ತಿ ಹೇಳಬೇಕು. ಇಂಥ ಗುಂಪುಗಳು ಬಹಳ ಬೇಗ ಕಾವಲು ಪಡೆ ಆಗಿಬಿಡುತ್ತವೆ. "ಹೊರಗಿನವರು" ಯಾರು ಅಂತ ಪಟ್ಟಿ ಶುರುವಾಗುತ್ತದೆ. ತಳ್ಳುಗಾಡಿಯವರನ್ನು ಓಡಿಸುತ್ತಾರೆ, ಹುಡುಗ ಹುಡುಗಿ ಜೊತೆಯಲ್ಲಿ ಕೂತಿದ್ದರೆ ಪ್ರಶ್ನೆ ಮಾಡುತ್ತಾರೆ. ದಯವಿಟ್ಟು ಆ ದಾರಿಗೆ ಬಿಡಬೇಡಿ. ಬೀದಿಯ ಮೇಲೆ ಕಣ್ಣಿರಬೇಕು ಅಂತ, ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದರು. ಆ ಕಣ್ಣುಗಳು ಅಂಗಡಿಯವರದ್ದು, ಜಗಲಿ ಮೇಲೆ ಕೂತವರದ್ದು, ದಿನಾ ಅದೇ ಮೂಲೆಯಲ್ಲಿ ವ್ಯಾಪಾರ ಮಾಡುವವರದ್ದು. ರಾತ್ರಿ ಹತ್ತರವರೆಗೆ ದೀಪ ಉರಿಸಿಕೊಂಡು ನಿಂತ ತಳ್ಳುಗಾಡಿ ನಿಮ್ಮ ಎಂಟು ಕ್ಯಾಮೆರಾಕ್ಕೆ ಸಮ. ಕೂಗಿದರೆ ಆ ಗಾಡಿಯವರು ಓಡಿ ಬರುತ್ತಾರೆ. ನಡಿಗೆಗೂ ಸ್ವಂತ ಮನೆಯವರನ್ನು ಮಾತ್ರ ಕರೆಯಬೇಡಿ. ಬೆಳಗಿನ ಜಾವ ಕಸ ಗುಡಿಸುವವರು, ಮನೆಕೆಲಸಕ್ಕೆ ಬರುವವರು, ಗಾಲಿ ಕುರ್ಚಿಯಲ್ಲಿ ಓಡಾಡುವವರು, ಅಜ್ಜಿಯರು, ಹೈಸ್ಕೂಲ್ ಹುಡುಗಿಯರು ಬರಲಿ. ಒಬ್ಬೊಬ್ಬರ ಭಯದ ಜಾಗವೂ ಬೇರೆ, ಹೊತ್ತೂ ಬೇರೆ.

ಈಗ ನಿಮ್ಮ ಮಗ. ಅವನು ಕೇಳಿದ್ದೇ ನನಗೆ ಖುಷಿ ಕೊಟ್ಟಿತು. ಒಂದು ಶಬ್ದದಿಂದ ಶುರು ಮಾಡಲಿ. ಗೆಳೆಯರ ಮಧ್ಯೆ ಚುಡಾಯಿಸುವುದು, ರೇಗಿಸುವುದು ಅಂತೀವಲ್ಲ, ಅದು ಆಟದ ಮಾತು. ಆ ಹುಡುಗಿಗೆ ಆದದ್ದು ಕಿರುಕುಳ. ಅವನು ಹಾಗೇ ಕರೆಯಲಿ. ರಾತ್ರಿ ಒಬ್ಬ ಹೆಂಗಸಿನ ಹಿಂದೆ ತಾನು ನಡೆಯುತ್ತಿದ್ದೇನೆ ಅಂತ ಗೊತ್ತಾದರೆ ಆಚೆ ಬದಿಗೆ ದಾಟಲಿ, ಇಲ್ಲ ನಿಧಾನ ಮಾಡಲಿ. ಅವಳು ದಾಟುವ ಬದಲು ಒಂದು ದಿನ ಅವನು ದಾಟಲಿ, ಅಲ್ವಾ?

ಕಣ್ಣೆದುರೇ ಯಾರಿಗಾದರೂ ಕಿರುಕುಳ ಆಗುತ್ತಿದ್ದರೆ? ಹೊಡೆದಾಟಕ್ಕೆ ಇಳಿಯಬೇಕಿಲ್ಲ. 2005ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಹಾಲಾಬ್ಯಾಕ್ ಸಂಘಟನೆ (ಈಗ ಅದರ ಹೆಸರು ರೈಟ್ ಟು ಬಿ) ನೋಡುವವರಿಗಾಗಿಯೇ ಐದು ದಾರಿ ಹೇಳಿಕೊಡುತ್ತದೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಗಮನ ತಪ್ಪಿಸುವುದು. ಬಸ್ಸಿನಲ್ಲಿ ಒಬ್ಬ ಹುಡುಗಿ ಕಿಟಕಿ ಕಡೆ ಒತ್ತಿಕೊಂಡು ಕೂತಿದ್ದಾಳೆ, ಪಕ್ಕದವನು ಒತ್ತುತ್ತಲೇ ಇದ್ದಾನೆ. ನೀವು ಅವನನ್ನು ನೋಡುವುದೇ ಬೇಡ. ಹುಡುಗಿಗೆ, "ಏನಮ್ಮಾ, ಇಲ್ಲಿದ್ದೀಯಾ, ಆಗಿಂದ ಹುಡುಕ್ತಾ ಇದ್ದೀನಿ, ಬಾ ಈ ಕಡೆ" ಅನ್ನಿ. ಅವಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಧೈರ್ಯ ಸಾಲದಿದ್ದರೆ ಕಂಡಕ್ಟರನ್ನು ಕರೆಯಿರಿ. ಬೇರೆಯವರು ಆಗಲೇ ಸಹಾಯಕ್ಕೆ ನಿಂತಿದ್ದರೆ ಫೋನಿನಲ್ಲಿ ಹಿಡಿದಿಡಿ, ಆದರೆ ಆ ವಿಡಿಯೋ ಅವಳದ್ದು, ಅವಳನ್ನು ಕೇಳದೆ ಯಾರಿಗೂ ಕಳಿಸಬೇಡಿ. ನೇರವಾಗಿ "ಬಿಡ್ರೀ ಅವರನ್ನ" ಅನ್ನುವ ಧೈರ್ಯ ಇದ್ದು, ಅಪಾಯ ಇಲ್ಲ ಅನ್ನಿಸಿದರೆ ಹಾಗೂ ಅನ್ನಬಹುದು. ಏನೂ ಮಾಡಲಾಗದೆ ಹೋದರೂ ಅವಳು ಇಳಿದ ಮೇಲೆ "ನಾನು ನೋಡಿದೆ, ಅವನು ಮಾಡಿದ್ದು ತಪ್ಪು, ಜೊತೆಯಲ್ಲಿ ಬರಲಾ?" ಅಂತ ಕೇಳಿ. ಯಾರೂ ನೋಡಲಿಲ್ಲ ಅನ್ನುವ ನೋವೇ ಎಷ್ಟೋ ಸಲ ಜಾಸ್ತಿ ದಿನ ಉಳಿಯುತ್ತದೆ.

ಬೈಕಿನವರು ಹಿಂಬಾಲಿಸಿದ ಆ ಹುಡುಗಿಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಸಾಲಿದೆ. ಅವಳಿಗೆ ಏನು ಬೇಕು ಅಂತ ಸಭೆಯಲ್ಲಿ ಯಾರಾದರೂ ಕೇಳಿದರಾ? ದೂರು ಕೊಡುವುದು ಬಿಡುವುದು ಅವಳ, ಅವಳ ಮನೆಯವರ ನಿರ್ಧಾರ. ಕೊಡು ಅಂತಲೂ ಒತ್ತಬೇಡಿ, ಬೇಡ ಅಂತಲೂ ಒತ್ತಬೇಡಿ. ಕೊಡುತ್ತೇನೆ ಅಂದರೆ ಜೊತೆಗೆ ಇಬ್ಬರು ಹೋಗಿ. ಅವಳು ಆ ಕ್ಲಾಸಿಗೆ ಹೋಗುವುದನ್ನು ಬಿಟ್ಟಿದ್ದಾಳಾ ಅನ್ನುವುದನ್ನು ಮೊದಲು ವಿಚಾರಿಸಿ. ಬಿಟ್ಟಿದ್ದರೆ ನಿಮ್ಮ ಗುಂಪಿನ ಮೊದಲ ಕೆಲಸ ಅದೇ.

ಇನ್ನೊಂದು ವಿಷಯ. ಸಭೆ ರಾತ್ರಿ ಎಂಟೂವರೆಗೆ ಇಟ್ಟಿರಿ. ಮೂವರೇ ಹೆಂಗಸರು ಬಂದಿದ್ದಕ್ಕೆ ಕಾರಣ ಅಲ್ಲೇ ಇರಬಹುದು. ಕೆಲವರಿಗೆ ಮನೆಯಲ್ಲಿ ಕೆಲಸದ ಹೊತ್ತು, ಕೆಲವರಿಗೆ ಆ ಕತ್ತಲೆ ಬೀದಿಯಲ್ಲೇ ನಡೆದು ಬರಬೇಕು. ಮುಂದಿನದ್ದನ್ನು ಭಾನುವಾರ ಸಂಜೆ ನಾಲ್ಕಕ್ಕೆ ಇಡಿ, ಮಕ್ಕಳನ್ನು ಕರೆತರಬಹುದು ಅಂತ ಹೇಳಿ. ಕ್ಯಾಮೆರಾ ಹಣದ ತೀರ್ಮಾನವನ್ನು ಒಂದು ತಿಂಗಳು ಮುಂದೂಡಿ ಅಂತಷ್ಟೇ ಕೇಳಿ, ಅಷ್ಟಕ್ಕೆ ಯಾರೂ ಜಗಳ ಮಾಡುವುದಿಲ್ಲ. ಆ ತಿಂಗಳಲ್ಲಿ ಎರಡು ರಾತ್ರಿ ನಡೆಯಿರಿ, ಒಂದು ವಾರದ ದಿನ, ಒಂದು ರಜೆಯ ದಿನ. ಬೀದಿಯ ನಕ್ಷೆಯನ್ನು ಕೈಯಲ್ಲೇ ಬರೆದು ಎಲ್ಲಿ ಯಾರು ದಾಟಿದರು, ಎಲ್ಲಿ ಹೆಜ್ಜೆ ಜೋರಾಯಿತು, ಎಲ್ಲಿ ಮಾತು ನಿಂತಿತು ಅಂತ ಗುರುತು ಹಾಕಿ. ಆ ಗಾದೆ ಹೇಳಿದ ಹಿರಿಯರನ್ನೂ ಒಂದು ರಾತ್ರಿ ಜೊತೆಯಲ್ಲಿ ಕರೆದುಕೊಂಡು ಹೋಗಿ. ಹೆಂಗಸರು ಮುಂದೆ ನಡೆಯಲಿ, ಅವರು ಹಿಂದೆ ಬಂದು ನೋಡಲಿ. ನಕ್ಷೆಯ ಒಂದು ಪ್ರತಿ ನಮಗೂ ಕಳಿಸಿ.