ಕಾಲು ಊದಿ, ಪಾದದ ಕೀಲಿನ ಬಳಿ ಚರ್ಮ ಕಂದಾಗುವುದೇಕೆ?

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದಿನವಿಡೀ ನಿಂತು ದುಡಿಯುವ ತಮ್ಮ ತಂದೆಯವರ ಕಾಲುಗಳು ಸಂಜೆಗೆ ಊದಿ, ಪಾದದ ಕೀಲಿನ ಒಳಬದಿ ಕಂದಾಗಿರುವುದೇಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಇದಕ್ಕೆ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳ ಕವಾಟಗಳು ದುರ್ಬಲವಾಗಿರುವುದೇ ಬಹುಮಟ್ಟಿಗೆ ಕಾರಣ.

ಅಲುಗಾಡದೆ ನಿಂತಾಗ ಪಾದದ ಬಳಿ ಈ ನಾಳಗಳಲ್ಲಿನ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರ್ ಇರುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸರಿಯಾಗಿ ಮುಚ್ಚದಿದ್ದರೆ ಮೇಲೇರಿದ ರಕ್ತ ಮತ್ತೆ ಕೆಳಗಿಳಿದು, ಒತ್ತಡ ತಗ್ಗದೆ, ಸೂಕ್ಷ್ಮ ನಾಳಗಳಿಂದ ಮೊದಲು ನೀರಿನಂಶ, ಬರಬರುತ್ತಾ ಕೆಂಪು ರಕ್ತಕಣಗಳೂ ಹೊರಗೆ ಸೋರುತ್ತವೆ. ಆ ಕಣಗಳು ಒಡೆದಾಗ ಚರ್ಮದೊಳಗೆ ಉಳಿಯುವ ಕಬ್ಬಿಣದ ಅಂಶವೇ ಈ ಕಂದು ಬಣ್ಣ. ಆದ್ದರಿಂದ ದಯವಿಟ್ಟು ಅದನ್ನು ತಿಕ್ಕಿ ತೊಳೆಯಬೇಡಿ, ತೆಳುವಾದ ಆ ಚರ್ಮ ಹರಿದರೆ ಹುಣ್ಣು ಮಾಯಲು ತಿಂಗಳುಗಳೇ ಬೇಕಾಗಬಹುದು.

ಬಿಡುವಿನಲ್ಲಿ ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಟ್ಟು ಮಲಗುವುದೂ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದೂ ನೆರವಾಗುತ್ತವೆ. ಬಿಗಿ ಕಾಲುಚೀಲವನ್ನು ಮಾತ್ರ ವೈದ್ಯರು ಪಾದದ ನಾಡಿ ನೋಡಿದ ಮೇಲೆಯೇ ಧರಿಸಬೇಕು. ಹೃದಯ, ಮೂತ್ರಪಿಂಡಗಳ ತೊಂದರೆಯಿಂದಲೂ ಕಾಲು ಊದುವುದರಿಂದ ಒಮ್ಮೆ ಪರೀಕ್ಷೆ ಅಗತ್ಯ. ಒಂದೇ ಕಾಲು ಹಠಾತ್ತನೆ ಊದಿ ನೋಯತೊಡಗಿದರೆ ಅಥವಾ ಉಸಿರಾಟ ಕಷ್ಟವಾದರೆ, ರಕ್ತ ಹೆಪ್ಪುಗಟ್ಟಿರುವ ಸಂಭವವಿದ್ದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.